ಹೆಸರು ಕರೆದರೆ ಬರುವ ವಸ್ತು

ಮಗು ಹುಟ್ಟುತ್ತದೆ, ಆಮೇಲೆ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುತ್ತೇವೆ. ಮೊದಲು ವಸ್ತು, ಅನಂತರ ಹೆಸರು. ಇದು ಲೋಕದ ಕ್ರಮ. ಈ ಕ್ರಮ ತಿರುಗುಮುರುಗಾದ ಒಂದು ಪ್ರಸಂಗ ನಮಗೆಲ್ಲ ಗೊತ್ತಿದೆ. ದುರ್ವಾಸರಿಂದ ಮಂತ್ರೋಪದೇಶ ಪಡೆದ ಬಾಲೆ ಕುಂತಿ, ಮಂತ್ರ ಫಲಿಸುವುದೋ ಇಲ್ಲವೋ ನೋಡೋಣವೆಂದು ಸೂರ್ಯನನ್ನು ಕರೆದಳು. ಸೂರ್ಯ ಬಂದು ಎದುರಿಗೇ ನಿಂತ. ಸುಮ್ಮನೆ ಕರೆದೆ, ಹಿಂತಿರುಗು ಎಂದರೆ ಅವನು ಹಿಂತಿರುಗುವ ಹಾಗಿರಲಿಲ್ಲ. ಮುಂದಿನ ಕಥೆಯನ್ನು ಯಕ್ಷಗಾನ, ತಾಳಮದ್ದಳೆಗಳನ್ನು ನೋಡಿ ಕೇಳಿ ಬೆಳೆದ ನಮ್ಮವರಿಗೆ ಹೇಳಬೇಕಾಗಿಲ್ಲ.

ಹೆಸರು ಹಿಡಿದು ಕರೆದರೆ ವಸ್ತು ಪ್ರತ್ಯಕ್ಷವಾಗುವ ಇಂಥದೇ ಒಂದು ಮಂತ್ರವನ್ನು ಗಣಕಯಂತ್ರದ ಶಾಸ್ತ್ರಜ್ಞರೂ ಸಾಧಿಸಿದ್ದಾರೆ. ಅದು ಒಂದೇ ದಿನದಲ್ಲಿ ಸಿದ್ಧಿಸಿದ್ದಲ್ಲ. ಅದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬಾಳುತ್ತಿರುವ ಕನ್ನಡಿಗರಿಗೆ ಈ ಇತಿಹಾಸ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕು ಎನ್ನಲು ಎರಡು ಕಾರಣಗಳಿವೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಪ್ರತಿದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಐರೋಲಿ, ಮಹಾಪೆಗಳ ಕಚೇರಿಗಳಿಗೆ ಹೋಗಿ ಮಾಡುವ ಕೆಲಸದಲ್ಲಿ ಈ ಮಂತ್ರವೂ ಸೇರಿದೆ ಎಂಬುದು ಮೊದಲನೆಯದು. ಎರಡನೆಯದು ನಮ್ಮ ಭಾಷೆಯ ಒಂದು ಅಕ್ಷರಕ್ಕೆ ಸಂಬಂಧಪಟ್ಟದ್ದು; ಅದನ್ನು ಮುಂದೆ ಅದರ ಸ್ಥಾನದಲ್ಲಿಯೇ ಹೇಳುತ್ತೇನೆ.

ಮಾಣಿ ಕೂಗಿದ ಹೆಸರು

ಶಾಸ್ತ್ರದ ಮಾತಿಗೆ ಹೋಗುವ ಮೊದಲು ನಮ್ಮ ಉಡುಪಿ ಹೋಟೆಲಿಗೆ ಒಮ್ಮೆ ಹೋಗಿ ಬರೋಣ. ಗಿರಾಕಿ ಕುಳಿತು "ಮಸಾಲೆ ದೋಸೆ" ಎನ್ನುತ್ತಾನೆ. ಮಾಣಿ ಆ ಹೆಸರನ್ನು ಹಾಗೆಯೇ ಒಳಗೆ ಕೂಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ದೋಸೆ ಬರುತ್ತದೆ. ಮಾಣಿಗೆ ದೋಸೆ ಹುಯ್ಯುವುದು ಗೊತ್ತಿರಬೇಕಾಗಿಲ್ಲ. ಹೆಸರನ್ನು ಸರಿಯಾಗಿ ಒಳಗೆ ಮುಟ್ಟಿಸಿದರೆ ಸಾಕು. ಒಳಗೆ ಭಟ್ಟರ ತಲೆಯಲ್ಲಿರುವ ದೋಸೆಯ ಕ್ರಮ ಒಂದೇ. ಹೊರಗೆ ಬರುವ ದೋಸೆಗಳು ಮಾತ್ರ ಲೆಕ್ಕವಿಲ್ಲದಷ್ಟು. ಗಣಕಶಾಸ್ತ್ರದಲ್ಲಿ ಆ ಕ್ರಮಕ್ಕೆ "ಕ್ಲಾಸ್" ಅಥವಾ ವರ್ಗವೆಂದೂ, ಆ ಕ್ರಮದಂತೆ ಹುಟ್ಟಿದ ಒಂದೊಂದು ವಸ್ತುವಿಗೆ "ಆಬ್ಜೆಕ್ಟ್" ಎಂದೂ ಹೇಳುತ್ತಾರೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನಾಳೆ ಹೋಟೆಲಿನ ಯಜಮಾನರು ನೀರುದೋಸೆಯನ್ನೂ ಆರಂಭಿಸಬೇಕೆಂದು ಮನಸ್ಸು ಮಾಡಿದರು ಎನ್ನಿ. ಭಟ್ಟರು ಅದನ್ನು ಕಲಿತರೆ ಆಯಿತು, ಹಲಗೆಯ ಮೇಲೆ ಒಂದು ಹೆಸರು ಹೆಚ್ಚಾದರೆ ಆಯಿತು. ಮಾಣಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಅವನ ಕೆಲಸ ಹೆಸರು ಕೂಗುವುದು. ಹಳೆಯ ಹೆಸರಾದರೇನು, ಹೊಸ ಹೆಸರಾದರೇನು? ಪ್ರೋಗ್ರಾಮು ಬರೆಯುವಾಗ ಇನ್ನೂ ಹುಟ್ಟಿರದ ವರ್ಗವೊಂದನ್ನು, ಪ್ರೋಗ್ರಾಮು ಓಡುತ್ತಿರುವಾಗ ಬರೀ ಅಕ್ಷರಮಾಲೆಯಾಗಿ ಬಂದ ಹೆಸರಿನಿಂದ ಹುಡುಕಿ, ಅದರಿಂದ ವಸ್ತುವನ್ನು ಮಾಡಿಸುವ ವಿದ್ಯೆಯೆಂದರೆ ಇಷ್ಟೇ. ಕೇಳಲಿಕ್ಕೆ ಸುಲಭ. ಆದರೆ ಯಂತ್ರಕ್ಕೆ ಹೆಸರು ಎಂಬ ಪದಾರ್ಥವೇ ಗೊತ್ತಿಲ್ಲದ ಒಂದು ಕಾಲವಿತ್ತು.

ಹೆಸರಿಲ್ಲದ ಯಂತ್ರ

ಆ ಕಾಲವನ್ನು ನೋಡಲು ದೂರದೇಶಕ್ಕೆ ಹೋಗಬೇಕಾಗಿಲ್ಲ, ಕೊಲಾಬಾಕ್ಕೆ ಹೋದರೆ ಸಾಕು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ತರುಣ ಎಂಜಿನಿಯರುಗಳ ತಂಡವೊಂದು 1950ರ ದಶಕದಲ್ಲಿ ಗಣಕಯಂತ್ರವನ್ನು ಕಟ್ಟತೊಡಗಿತು. 1956ರಲ್ಲಿ ಮಾದರಿ ಯಂತ್ರ ನಡೆಯಿತು. 1960ರಲ್ಲಿ ಪೂರ್ಣಯಂತ್ರ ಕೆಲಸಕ್ಕೆ ತೊಡಗಿತು. ಅದಕ್ಕೆ "ಟಿಫ್ರಾಕ್" ಎಂದು ನಾಮಕರಣವಾದದ್ದು 1962ರಲ್ಲಿ, ಪ್ರಧಾನಿ ಜವಾಹರಲಾಲ ನೆಹರೂ ಅವರಿಂದ. ಯಂತ್ರ ಮೊದಲು, ಹೆಸರು ಆಮೇಲೆ. ಲೋಕದ ಕ್ರಮದಂತೆಯೇ ಆಯಿತೆನ್ನಬೇಕು.

ಕೋಣೆ ತುಂಬುವ ಆ ಯಂತ್ರದ ನೆನಪಿನಲ್ಲಿ ಇದ್ದದ್ದು 2,048 ಮನೆಗಳು ಮಾತ್ರ. ಒಂದೊಂದು ಮನೆಗೂ ಒಂದೊಂದು ಸಂಖ್ಯೆ. ಇಂಥ ಯಂತ್ರದ ಒಳಗೆ ಎಲ್ಲವೂ ಸಂಖ್ಯೆಯೇ. ಇಂತಿಷ್ಟನೆಯ ಮನೆಯಲ್ಲಿರುವುದನ್ನು ಇಂತಿಷ್ಟನೆಯ ಮನೆಯಲ್ಲಿರುವುದಕ್ಕೆ ಕೂಡು ಎಂಬುದೇ ಅದಕ್ಕೆ ತಿಳಿಯುವ ಆಜ್ಞೆ. ಊರಿಗೆ ಹೆಸರಿಲ್ಲ, ಕೇರಿಗೆ ಹೆಸರಿಲ್ಲ, ಮನೆಯ ಯಜಮಾನನಿಗೂ ಹೆಸರಿಲ್ಲ. ಬಾಗಿಲಿನ ನಂಬರು ಮಾತ್ರ ಉಂಟು. ಮಧ್ಯೆ ಒಂದು ಹೊಸ ಮನೆ ಸೇರಿಸಬೇಕಾದರೆ ಮುಂದಿನ ಎಲ್ಲ ನಂಬರುಗಳನ್ನೂ ತಿದ್ದಬೇಕು. ಆದ್ದರಿಂದ ಸಂಖ್ಯೆಯ ಬದಲು ಮನುಷ್ಯರಿಗೆ ನೆನಪಿನಲ್ಲಿ ಉಳಿಯುವ ಹೆಸರುಗಳನ್ನು ಬಳಸುವ ಉಪಾಯ ಬೇರೆ ಬೇರೆ ದೇಶಗಳಲ್ಲಿ ಬೆಳೆಯಿತು.

ಅಮೆರಿಕದ ಗ್ರೇಸ್ ಹಾಪರ್ ಎಂಬ ಮಹಿಳೆ 1952ರ ವೇಳೆಗೆ ಸಿದ್ಧಪಡಿಸಿದ "ಎ-ಸೊನ್ನೆ" ಎಂಬ ಏರ್ಪಾಡಿನಲ್ಲಿ, ಟೇಪಿನಲ್ಲಿ ಕೂಡಿಟ್ಟ ಸಿದ್ಧ ಲೆಕ್ಕಗಳಿಗೆ ಒಂದೊಂದು ಕರೆಸಂಖ್ಯೆ ಇತ್ತು. ಸಂಖ್ಯೆ ಹೇಳಿದರೆ ಯಂತ್ರವೇ ಟೇಪಿನಿಂದ ಆ ಲೆಕ್ಕವನ್ನು ಆರಿಸಿ ತಂದು ಜೋಡಿಸುತ್ತಿತ್ತು. 1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು "ಫೋರ್ಟ್ರಾನ್" ಭಾಷೆಯನ್ನು ಹೊರತಂದ ಮೇಲೆ ಹೆಸರುಗಳಲ್ಲೇ ಲೆಕ್ಕ ಬರೆಯುವುದು ರೂಢಿಯಾಯಿತು.

ಆದರೆ ಈ ಹೆಸರುಗಳ ಆಯುಷ್ಯ ಬಹಳ ಚಿಕ್ಕದು. ಮನುಷ್ಯ ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ "ಕಂಪೈಲರ್" ಎಂಬ ದುಭಾಷಿ, ಹೆಸರುಗಳನ್ನೆಲ್ಲ ಓದಿ, ಅವುಗಳಿಗೆ ಮನೆನಂಬರು ಕೊಟ್ಟು, ಹೆಸರುಗಳನ್ನು ಅಳಿಸಿಬಿಡುತ್ತಿತ್ತು. ಪ್ರೋಗ್ರಾಮು ಓಡತೊಡಗಿದಾಗ ಒಳಗೆ ಮತ್ತೆ ಅದೇ ಸಂಖ್ಯೆಗಳ ರಾಜ್ಯ. ಆಗ ಹೋಗಿ ಹೆಸರು ಕೂಗಿದರೆ ಓಗೊಡುವವರು ಯಾರೂ ಇಲ್ಲ.

ಹೆಸರು ಉಳಿಸಿಕೊಂಡವರು

ಹೆಸರನ್ನು ಅಳಿಸದೆ ಕಾಪಾಡಿಕೊಂಡ ಮೊದಲ ಭಾಷೆಗಳಲ್ಲಿ "ಲಿಸ್ಪ್" ಮುಖ್ಯವಾದದ್ದು. ಎಂ.ಐ.ಟಿ.ಯ ಜಾನ್ ಮೆಕಾರ್ಥಿ ಅದನ್ನು 1958ರಲ್ಲಿ ಆರಂಭಿಸಿ, 1960ರಲ್ಲಿ ಲೇಖನರೂಪದಲ್ಲಿ ಲೋಕದ ಮುಂದಿಟ್ಟರು. ಲಿಸ್ಪಿನಲ್ಲಿ ಹೆಸರೂ ಒಂದು ಪದಾರ್ಥವೇ. ಸಂಖ್ಯೆಯಂತೆ ಅದನ್ನೂ ಕೈಯಲ್ಲಿ ಹಿಡಿಯಬಹುದು, ಪಟ್ಟಿಯಲ್ಲಿ ಇಡಬಹುದು, ಬೇಕಾದಾಗ ಅದರ ಅರ್ಥವೇನೆಂದು ಕೇಳಬಹುದು. ಹೀಗೆ ಕೇಳುವ ಸಾಧನವನ್ನು ಮೆಕಾರ್ಥಿಯವರು ಶಾಸ್ತ್ರವಿಚಾರವೆಂದು ಕಾಗದದ ಮೇಲೆ ಬರೆದಿದ್ದರು; ಅವರ ಸಹೋದ್ಯೋಗಿ ಸ್ಟೀವ್ ರಸೆಲ್ ಅದನ್ನು ನಿಜವಾಗಿಯೇ ಯಂತ್ರದಲ್ಲಿ ನಡೆಸಿ ತೋರಿಸಿದರು.

ವರ್ಗ ಮತ್ತು ವಸ್ತುಗಳ ಕಲ್ಪನೆ ಮಾತ್ರ ಬಂದದ್ದು ನಾರ್ವೆ ದೇಶದಿಂದ. ಓಸ್ಲೋದ ಗಣಕ ಕೇಂದ್ರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬ ಇಬ್ಬರು, ಸರತಿಯಲ್ಲಿ ನಿಂತ ಗಿರಾಕಿಗಳು, ವಾಹನಗಳು ಇವೇ ಮೊದಲಾದ ಲೋಕವ್ಯಾಪಾರಗಳನ್ನು ಯಂತ್ರದೊಳಗೆ ಅನುಕರಣೆ ಮಾಡಿ ನೋಡುವ ಭಾಷೆಯೊಂದನ್ನು ರೂಪಿಸುತ್ತಿದ್ದರು. 1967ರಲ್ಲಿ ಹೊರಬಂದ ಅವರ "ಸಿಮುಲಾ" ಭಾಷೆಯಲ್ಲಿ ಗಿರಾಕಿ ಎಂಬ ವರ್ಗವನ್ನು ಒಮ್ಮೆ ಬರೆದರೆ, "ಹೊಸ ಗಿರಾಕಿ" ಎಂದು ಎಷ್ಟು ಸಲ ಹೇಳಿದರೆ ಅಷ್ಟು ಗಿರಾಕಿಗಳು ಹುಟ್ಟುತ್ತಿದ್ದರು. ಈ ಇಬ್ಬರಿಗೂ 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. 2002ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ಸಿಮುಲಾದಲ್ಲಿ ಯಾವ ವರ್ಗದ ವಸ್ತು ಬೇಕೆಂಬುದನ್ನು ಬರೆಯುವಾಗಲೇ ಬರೆದಿಡಬೇಕಿತ್ತು. ಆ ಕಟ್ಟನ್ನು ಬಿಚ್ಚಿದ್ದು ಕ್ಯಾಲಿಫೋರ್ನಿಯದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದವರು. ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು 1972ರಿಂದ ಬೆಳೆಸಿದ "ಸ್ಮಾಲ್‌ಟಾಕ್" ಭಾಷೆಯಲ್ಲಿ ವರ್ಗ ಎಂಬುದು ತಾನೂ ಒಂದು ಜೀವಂತ ವಸ್ತು. ಪ್ರೋಗ್ರಾಮು ಓಡುತ್ತಿರುವಾಗಲೂ ಎಲ್ಲ ವರ್ಗಗಳ ಹೆಸರುಗಳು ಒಂದು ದೊಡ್ಡ ನಿಘಂಟಿನಲ್ಲಿ ಇರುತ್ತವೆ. ನಿಘಂಟಿಗೆ ಹೆಸರು ಕೊಟ್ಟರೆ ವರ್ಗ ಸಿಕ್ಕುತ್ತದೆ. ವರ್ಗಕ್ಕೆ ಹೇಳಿದರೆ ವಸ್ತು ಹುಟ್ಟುತ್ತದೆ. ಕುಂತಿಯ ಮಂತ್ರ ಪೂರ್ಣವಾಗಿ ಸಿದ್ಧಿಸಿದ್ದು ಇಲ್ಲಿ ಎಂದು ಹೇಳಲಡ್ಡಿಯಿಲ್ಲ. ಪ್ರೋಗ್ರಾಮು ತನ್ನನ್ನು ತಾನೇ ಕನ್ನಡಿಯಲ್ಲಿ ನೋಡಿಕೊಂಡು, ತನ್ನಲ್ಲಿ ಏನೇನು ಇದೆ ಎಂದು ತಿಳಿಯುವ ಈ ಗುಣಕ್ಕೆ ಇಂಗ್ಲಿಷಿನಲ್ಲಿ "ರಿಫ್ಲೆಕ್ಷನ್" ಎನ್ನುತ್ತಾರೆ. ಅದನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ ಅವರ ಪ್ರೌಢಪ್ರಬಂಧ ಎಂ.ಐ.ಟಿ.ಗೆ ಸಲ್ಲಿಕೆಯಾದದ್ದು 1982ರಲ್ಲಿ.

ಆದರೆ ವೇಗ ಬೇಕೆಂದವರು ಮತ್ತೆ ಹಳೆಯ ದಾರಿ ಹಿಡಿದರು. ಬೆಲ್ ಪ್ರಯೋಗಶಾಲೆಯ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿ 1985ರಲ್ಲಿ ಹೊರತಂದ "ಸಿ ಪ್ಲಸ್ ಪ್ಲಸ್" ಭಾಷೆಯಲ್ಲಿ ವರ್ಗಗಳುಂಟು, ವಸ್ತುಗಳುಂಟು. ಆದರೆ ಅಕ್ಷರಮಾಲೆಯಾಗಿ ಬಂದ ಹೆಸರನ್ನು ವರ್ಗಕ್ಕೆ ತಾಳೆಹಾಕುವ ನಿಘಂಟು ಭಾಷೆಯೊಳಗೆ ಇಲ್ಲ. ಬೇಕಾದವರು ತಾವೇ ಒಂದು ಪಟ್ಟಿ ಬರೆದುಕೊಳ್ಳಬೇಕು: ಇಡ್ಲಿ ಎಂದರೆ ಇದನ್ನು ಮಾಡು, ವಡೆ ಎಂದರೆ ಅದನ್ನು ಮಾಡು ಎಂದು. ಇಂಥ ಪಟ್ಟಿ ಹಿಡಿದು ವಸ್ತು ತಯಾರಿಸಿಕೊಡುವ ಭಾಗಕ್ಕೆ "ಫ್ಯಾಕ್ಟರಿ" ಎಂದು ಹೆಸರಾಯಿತು. ಗಾಮ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ಎಂಬ ನಾಲ್ವರು 1994ರಲ್ಲಿ ಬರೆದ ವಿನ್ಯಾಸಗಳ ಪುಸ್ತಕ ಇಂಥ ಉಪಾಯಗಳಿಗೆ ಒಂದು ವ್ಯವಸ್ಥೆ ಕೊಟ್ಟು ಪ್ರಸಿದ್ಧವಾಯಿತು. ಪಟ್ಟಿಯ ದೋಷವೆಂದರೆ ಹೊಸ ತಿಂಡಿ ಬಂದಾಗಲೆಲ್ಲ ಅದನ್ನು ತಿದ್ದಬೇಕು. ಅದರ ಗುಣವೂ ಒಂದುಂಟು. ಅದನ್ನು ಲೇಖನದ ಕೊನೆಯಲ್ಲಿ ಜ್ಞಾಪಿಸಿಕೊಳ್ಳೋಣ.

ಠಾಣೆ ಸ್ಟೇಶನ್ನಿನ ಸುತ್ತಮುತ್ತ

ಇನ್ನು ನಮ್ಮ ಕಡೆಗೆ ಬರೋಣ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ನ್ಯೂ ಬಾಂಬೆ ಮೇಲೇಳತೊಡಗಿತು. 1973ರಲ್ಲಿ ಅಂಧೇರಿಯಲ್ಲಿ "ಸೀಪ್ಜ್" ರಫ್ತು ವಲಯ ಆರಂಭವಾಯಿತು. ಮುಂದೆ ಕಂಪ್ಯೂಟರ್ ಕೆಲಸ ಹಿಡಿದ ಡೊಂಬಿವಲಿ, ಕಲ್ಯಾಣಗಳ ಎಷ್ಟೋ ತರುಣರು ಗರ್ದಿಯ ಲೋಕಲ್ಲುಗಳಲ್ಲಿ ನೇತಾಡಿಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಅಲ್ಲಿಗೆ ಹೋಗಿ ಬಂದವರೇ. ಅನಂತರ ಠಾಣೆ-ಬೇಲಾಪುರ ರಸ್ತೆಯ ಉದ್ಯಮಪಟ್ಟಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲೇ ಗಾಜಿನ ಕಟ್ಟಡಗಳು ಎದ್ದವು. 2004ರಲ್ಲಿ ಠಾಣೆಯಿಂದ ವಾಶಿಗೆ ರೈಲು ಓಡತೊಡಗಿದಾಗ ಐರೋಲಿ, ರಬಾಳೆ, ಘನಸೋಲಿ, ಕೋಪರಖೈರಣೆಗಳು ನಮ್ಮ ಮಕ್ಕಳ ದಿನನಿತ್ಯದ ಸ್ಟೇಶನ್ನುಗಳಾದವು.

ಅದೇ ವರ್ಷಗಳಲ್ಲಿ "ಜಾವಾ" ಎಂಬ ಭಾಷೆ ಬಂತು. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಈ ಭಾಷೆ 1995ರಲ್ಲಿ ಪ್ರಕಟವಾಗಿ, 1996ರ ಜನವರಿಯಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಎಲ್ಲರ ಕೈಗೆ ಬಂತು. ಸಿ ಪ್ಲಸ್ ಪ್ಲಸ್‌ನ ವೇಷ, ಸ್ಮಾಲ್‌ಟಾಕಿನ ಸ್ವಭಾವ ಎರಡೂ ಅದರಲ್ಲಿ ಸೇರಿದ್ದವು. ಅದರಲ್ಲಿ "ಕ್ಲಾಸ್ ಡಾಟ್ ಫಾರ್‌ನೇಮ್" ಎಂದು ಬರೆದು ಕಂಸದಲ್ಲಿ ಹೆಸರು ಕೊಟ್ಟರೆ ಸಾಕು. ಯಂತ್ರ ಆ ಹೆಸರಿನ ಕಡತವನ್ನು ಹುಡುಕಿ, ವರ್ಗವನ್ನು ನೆನಪಿಗೆ ತಂದು ಸಿದ್ಧವಾಗಿಡುತ್ತದೆ. "ನ್ಯೂ ಇನ್‌ಸ್ಟೆನ್ಸ್" ಎಂದರೆ ವಸ್ತು ಹುಟ್ಟುತ್ತದೆ.

1997ರಲ್ಲಿ ಬಂದ ಜಾವಾದ ಮುಂದಿನ ಆವೃತ್ತಿಯಲ್ಲಿ ದತ್ತಾಂಶಗಳ ಭಂಡಾರವನ್ನು ಮುಟ್ಟುವ ಏರ್ಪಾಡು ಸೇರಿತು. ಲೋಕದಲ್ಲಿ ಭಂಡಾರಗಳು ಹಲವು ಬಗೆಯವು. ಒಂದೊಂದಕ್ಕೂ ಅದರದೇ ಆದ "ಡ್ರೈವರ್" ಬೇಕು. ಯಾವ ಗಿರಾಕಿ ಯಾವ ಭಂಡಾರ ಇಟ್ಟುಕೊಂಡಿದ್ದಾನೆಂದು ಪ್ರೋಗ್ರಾಮು ಬರೆಯುವವನಿಗೆ ಮೊದಲೇ ಹೇಗೆ ಗೊತ್ತಾಗಬೇಕು? ಆದ್ದರಿಂದ ಡ್ರೈವರಿನ ಹೆಸರನ್ನು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟು, ಓಡುವಾಗ ಆ ಹೆಸರಿನಿಂದ ಕರೆಯುವ ಪದ್ಧತಿ ಬಂತು. ಹೀಗೆ ಕರೆಸಿಕೊಂಡ ಡ್ರೈವರು ಬಂದ ಕೂಡಲೇ, ಹಾಸ್ಟೆಲಿಗೆ ಸೇರಿದ ವಿದ್ಯಾರ್ಥಿಯಂತೆ, ತನ್ನನ್ನು ತಾನೇ ರಿಜಿಸ್ಟರಿನಲ್ಲಿ ನಮೂದಿಸಿಕೊಳ್ಳುತ್ತಿತ್ತು. ಠಾಣೆ, ಡೊಂಬಿವಲಿಗಳ ಕಂಪ್ಯೂಟರ್ ಕ್ಲಾಸುಗಳಲ್ಲಿ ಜಾವಾ ಕಲಿತವರು ಈ ಒಂದು ಸಾಲನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರು. ಇಂಟರ್‌ವ್ಯೂಗಳಲ್ಲಿಯೂ ಅದನ್ನೇ ಕೇಳುತ್ತಿದ್ದರು. ಅದು ಯಾಕೆ ಹಾಗೆ ಎಂದು ಕೇಳಿದರೆ ಮಾತ್ರ ಉತ್ತರಿಸುವವರು ಕಡಿಮೆ. 2006ರ ಕೊನೆಗೆ ಬಂದ ಆವೃತ್ತಿಯಲ್ಲಿ ಡ್ರೈವರುಗಳನ್ನು ಯಂತ್ರವೇ ಹುಡುಕಿಕೊಳ್ಳುವಂತಾಗಿ ಆ ಸಾಲಿನ ಅಗತ್ಯ ತಪ್ಪಿತು. ಆದರೂ ಬಾಯಿಪಾಠ ಬಹುಕಾಲ ನಿಲ್ಲಲಿಲ್ಲ.

ಈ ಮಂತ್ರಕ್ಕೆ ಒಂದು ಕಟ್ಟುನಿಟ್ಟಿದೆ. ಉಚ್ಚಾರ ತಪ್ಪಬಾರದು. ಒಂದಕ್ಷರ ಹೆಚ್ಚುಕಡಿಮೆಯಾದರೆ, ದೊಡ್ಡ ಅಕ್ಷರದ ಬದಲು ಸಣ್ಣಕ್ಷರ ಬಂದರೆ, ಅಂಥ ವರ್ಗವೇ ಇಲ್ಲ ಎಂದು ಯಂತ್ರ ಕೈಚೆಲ್ಲುತ್ತದೆ. ಒಂದೇ ಶೆಟ್ಟಿ ಎಂಬ ಹೆಸರು ಒಂದು ಕಾಗದದಲ್ಲಿ ವೈ ಅಕ್ಷರದಿಂದಲೂ ಇನ್ನೊಂದರಲ್ಲಿ ಐ ಅಕ್ಷರದಿಂದಲೂ ಮುಗಿದ ಕಾರಣ ಕಿಟಕಿಯಿಂದ ಕಿಟಕಿಗೆ ಅಲೆದ ನಮ್ಮವರಿಗೆ ಈ ಸಂಕಟ ಹೊಸದಲ್ಲ. ಇನ್ನೂ ಒಂದು ಕಷ್ಟವಿದೆ. ಬರೆಯುವಾಗಲೇ ಗೊತ್ತಾದ ಹೆಸರಿನಲ್ಲಿ ತಪ್ಪಿದ್ದರೆ ಕಂಪೈಲರ್ ಅಲ್ಲಿಯೇ ಹಿಡಿಯುತ್ತದೆ. ಅಕ್ಷರಮಾಲೆಯಾಗಿ ಬರುವ ಹೆಸರು ತಪ್ಪಿದ್ದರೆ, ಪ್ರೋಗ್ರಾಮು ಗಿರಾಕಿಯ ಕಚೇರಿಯಲ್ಲಿ ಓಡತೊಡಗಿದ ಮೇಲೆ, ಪ್ರಾಯಶಃ ಮಧ್ಯರಾತ್ರಿಯಲ್ಲಿ, ಬಯಲಾಗುತ್ತದೆ. ಯಾರೋ ಒಬ್ಬರು ವರ್ಗದ ಹೆಸರನ್ನು ಚೆಂದವಾಗಲೆಂದು ಬದಲಾಯಿಸಿದರೂ ಸಾಕು, ಹಳೆಯ ಹೆಸರನ್ನು ನಂಬಿಕೊಂಡಿದ್ದ ಎಲ್ಲ ಕಡತಗಳೂ ಅನಾಥವಾಗುತ್ತವೆ. ಅಂದಮೇಲೆ, ಕರೆದರೆ ಬರುವ ವಸ್ತುವಿನ ಹೆಸರು ಬರೀ ಗುರುತಲ್ಲ. ಅದು ಕೊಟ್ಟ ಮಾತು. ಈ ಮಾತಿನ ಬೆಲೆ ಎಷ್ಟೆಂಬುದನ್ನು ನಮ್ಮದೇ ಒಂದು ಅಕ್ಷರ ತೋರಿಸಿಕೊಟ್ಟಿದೆ.

ತಪ್ಪು ಹೆಸರಿನ ಕನ್ನಡ ಅಕ್ಷರ

ಗಣಕಯಂತ್ರದಲ್ಲಿ ವಸ್ತುವನ್ನಷ್ಟೇ ಅಲ್ಲ, ಅಕ್ಷರವನ್ನೂ ಹೆಸರಿನಿಂದ ಕರೆಯಬಹುದು. ಮೊದಲು ನಮ್ಮ ಕನ್ನಡ ಅಕ್ಷರಗಳು ಪರಾಧೀನವಾಗಿದ್ದವು. ಬರೆದ ಕಡತದೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಜೊತೆಗೆ ಕನ್ನಡ ಲಿಪಿಯ ಒಂದು "ಫಾಂಟಿನ" ಹೆಸರು. ಓದುವ ಯಂತ್ರದಲ್ಲಿ ಆ ಹೆಸರಿನ ಫಾಂಟು ಇದ್ದರೆ ಕನ್ನಡ ಕಾಣುತ್ತಿತ್ತು, ಇಲ್ಲದಿದ್ದರೆ ಅರ್ಥವಿಲ್ಲದ ಕಲಸುಮೇಲೋಗರ. ಊರಿನಿಂದ ಬಂದ ಲೇಖನ ಇಲ್ಲಿಯ ಯಂತ್ರದಲ್ಲಿ ಹೀಗೆ ಕೆಟ್ಟು ನಿಂತದ್ದನ್ನು ಸಂಘ-ಸಂಸ್ಥೆಗಳ ಪತ್ರಿಕೆ ನಡೆಸಿದವರೆಲ್ಲ ಕಂಡಿದ್ದಾರೆ. ಕರೆದ ಹೆಸರಿಗೆ ಓಗೊಡುವವರಿಲ್ಲದಿದ್ದರೆ ಆಗುವ ಗತಿ ಇದು. ಕೆ. ಪಿ. ರಾವ್ ಅವರ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ "ಬರಹ", ಕನ್ನಡ ಗಣಕ ಪರಿಷತ್ತಿನ "ನುಡಿ" ಇವೆಲ್ಲ ಕನ್ನಡದ ಬರವಣಿಗೆಯನ್ನು ಸುಲಭ ಮಾಡಿದವು. ಆದರೆ ಅಕ್ಷರ ಯಾವ ಯಂತ್ರದಲ್ಲಿಯೂ ಒಂದೇ ಆಗಿ ಉಳಿಯಬೇಕಾದರೆ ಲೋಕಕ್ಕೆಲ್ಲ ಒಂದೇ ಪಟ್ಟಿ ಬೇಕಾಗಿತ್ತು.

1991ರಲ್ಲಿ ಮೊದಲು ಪ್ರಕಟವಾದ "ಯೂನಿಕೋಡ್" ಎಂಬ ಪಟ್ಟಿ ಅದೇ. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು. ಪ್ರೋಗ್ರಾಮಿನೊಳಗಿಂದ ಆ ಹೆಸರು ಹೇಳಿ ಕರೆದರೆ ಆ ಅಕ್ಷರ ಬಂದು ನಿಲ್ಲುತ್ತದೆ. "ಪೈತಾನ್" ಮುಂತಾದ ಭಾಷೆಗಳಲ್ಲಿ ಈ ಸೌಕರ್ಯವಿದೆ.

ಹಳಗನ್ನಡ ಓದಿದವರಿಗೆ "ೞ" ಅಕ್ಷರದ ಪರಿಚಯವಿರುತ್ತದೆ. ಮೞೆ, ಕೋೞಿ, ಏೞು ಎಂದು ಬರೆಯುತ್ತಿದ್ದ ಕಾಲದ ಅಕ್ಷರವಿದು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. ಈ ಅಕ್ಷರ ಮರೆಯಾದ ಮೇಲೆ ಕತ್ತಿಯೂ ಬದುಕೂ ಕನ್ನಡದಲ್ಲಿ ಒಂದೇ ಸದ್ದಾಗಿ ಹೋದವು. ತಮಿಳು, ಮಲೆಯಾಳಗಳಲ್ಲಿ ಈ ಧ್ವನಿ ಇಂದಿಗೂ ಉಳಿದಿದೆ. ಕೋೞಿಕ್ಕೋಡಿನವರು ತಮ್ಮ ಊರಿನ ಹೆಸರು ಹೇಳುವಾಗ ಕಿವಿಗೊಟ್ಟರೆ ಕೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ "ಶಬ್ದಮಣಿದರ್ಪಣ"ದಲ್ಲಿ ರೞ, ಕುಳ, ಕ್ಷಳ ಎಂಬ ಭೇದಗಳನ್ನು ವಿವರಿಸಿ, ೞಕಾರವಿರುವ ಶಬ್ದಗಳನ್ನು ಎಣಿಸಿ ಕೊಟ್ಟಿದ್ದಾನೆ. ಕಳೆದುಹೋಗುತ್ತಿರುವ ಆಸ್ತಿಯ ಪಟ್ಟಿ ಬರೆದಿಟ್ಟ ಹಿರಿಯನ ಎಚ್ಚರಿಕೆ ಅಲ್ಲಿ ಕಾಣುತ್ತದೆ.

ಯೂನಿಕೋಡಿನ ಪಟ್ಟಿಯಲ್ಲಿ ಈ ೞಕಾರಕ್ಕೂ ಸ್ಥಾನ ದೊರೆಯಿತು. ಆದರೆ ಅದಕ್ಕೆ ಬರೆದ ಹೆಸರೇ ತಪ್ಪು. "ಕನ್ನಡ ಲೆಟರ್ ಎಫ್‌ಎ" ಎಂದು ಬರೆದುಬಿಟ್ಟರು. ಕಾಫಿಯ ಫಕಾರಕ್ಕೂ ನಮ್ಮ ೞಕಾರಕ್ಕೂ ಏನು ನಂಟು? ತುಟಿಯ ಧ್ವನಿ ಎಲ್ಲಿ, ನಾಲಿಗೆ ಮಡಿಸಿ ಹೊರಡಿಸುವ ಧ್ವನಿ ಎಲ್ಲಿ!

ತಪ್ಪು ಕಂಡಿತಲ್ಲ, ತಿದ್ದಿದರಾಯಿತು ಎಂದು ನಾವು ಹೇಳುತ್ತೇವೆ. ಅಲ್ಲಿಯೇ ಇರುವುದು ಗಂಟು. 1996ರ ಎರಡನೆಯ ಆವೃತ್ತಿಯಿಂದ ಯೂನಿಕೋಡಿನವರು ಒಂದು ವ್ರತ ಹಿಡಿದಿದ್ದಾರೆ: ಒಮ್ಮೆ ಕೊಟ್ಟ ಅಕ್ಷರನಾಮವನ್ನು ಮುಂದೆ ಎಂದಿಗೂ ಬದಲಾಯಿಸಕೂಡದು. ಇದು ಹಟಮಾರಿತನವಲ್ಲ. ಲೋಕದ ಯಾವ ಮೂಲೆಯಲ್ಲಿ ಯಾವ ಪ್ರೋಗ್ರಾಮು ಆ ಹೆಸರಿನಿಂದ ಆ ಅಕ್ಷರವನ್ನು ಕರೆಯುತ್ತಿದೆಯೋ ಯಾರು ಬಲ್ಲರು? ಹೆಸರು ಬದಲಾದರೆ ಆ ಕರೆ ವ್ಯರ್ಥವಾಗುತ್ತದೆ. ಇಂಗ್ಲಿಷಿನ "ಬ್ರಾಕೆಟ್" ಎಂಬ ಮಾತನ್ನೇ ಅಕ್ಷರ ಹಿಂದುಮುಂದಾಗಿ ತಪ್ಪು ಬರೆದ ಇನ್ನೊಂದು ಚಿಹ್ನೆಯ ಹೆಸರೂ ಅದೇ ಕಾರಣದಿಂದ ಇಂದಿಗೂ ತಪ್ಪಾಗಿಯೇ ಉಳಿದಿದೆ. ಹಾಗಾಗಿ ೞಕಾರಕ್ಕೆ ಅವರು ಮಾಡಿದ ಪರಿಹಾರವೆಂದರೆ ಒಂದು ಅಧಿಕೃತ ಉಪನಾಮ ಕೊಟ್ಟದ್ದು. ಮೂರು ಎಲ್ ಅಕ್ಷರ ಮತ್ತು ಒಂದು ಎ ಅಕ್ಷರ ಸೇರಿದ ಹೆಸರು ಅದು. 2012ರಲ್ಲಿ ಬಂದ ಪೈತಾನ್ ಆವೃತ್ತಿಯಿಂದ ಈ ಉಪನಾಮದಿಂದ ಕರೆದರೂ ೞ ಬರುತ್ತದೆ. ಹಳೆಯ ತಪ್ಪು ಹೆಸರಿನಿಂದ ಕರೆದರೂ ಬರುತ್ತದೆ.

ಉಪನಾಮದ ಈ ಉಪಾಯ ನಮಗೇನೂ ಹೊಸದಲ್ಲ. ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ಮಹಾರಾಜ ಎಂಬುದೂ ಸೇರಿತು. ಆದರೂ ಕಲ್ಯಾಣದ ಲೋಕಲ್ಲಿನಲ್ಲಿ ವಿ.ಟಿ. ಎಂದರೆ ತಿಳಿಯದವರಿಲ್ಲ. ಬಾಂಬೆ 1995ರಲ್ಲಿ ಮುಂಬಯಿಯಾದರೂ ಉಚ್ಚ ನ್ಯಾಯಾಲಯ ಇಂದಿಗೂ ಬಾಂಬೆ ಹೈಕೋರ್ಟೇ. ಮನುಷ್ಯರು ಎರಡೂ ಹೆಸರುಗಳನ್ನು ಹೊಂದಿಸಿಕೊಂಡು ಹೋಗುತ್ತಾರೆ. ಯಂತ್ರಕ್ಕೆ ಆ ಹೊಂದಾಣಿಕೆಯನ್ನು ಯಾರಾದರೂ ಬರೆದು ಕೊಡಬೇಕು.

ನನಗೆ ನೋವೆನಿಸುವುದು ಇಷ್ಟು. ಏಳು ಶತಮಾನಗಳ ಹಿಂದೆ ಒಬ್ಬ ವೈಯಾಕರಣ ಅಷ್ಟು ಜೋಪಾನವಾಗಿ ಗುರುತಿಸಿಟ್ಟ ಅಕ್ಷರಕ್ಕೆ, ಲೋಕದ ರಿಜಿಸ್ಟರಿನಲ್ಲಿ ಹೆಸರು ಬರೆಯುವ ಹೊತ್ತಿನಲ್ಲಿ, ಇದು ಹೀಗಲ್ಲ ಎಂದು ಹೇಳುವ ಕನ್ನಡದ ಮಾತು ತಲುಪದೆ ಹೋಯಿತು. ನಾಮಕರಣದ ದಿನ ಮನೆಯವರ ದನಿ ಕೇಳಿಸದಿದ್ದರೆ ಕೂಸಿಗೆ ಪರರು ಇಟ್ಟ ಹೆಸರೇ ಗಟ್ಟಿ.

ಯಾರು ಕರೆದರು?

ಹೆಸರು ಕೊಡುವವರ ಹೊಣೆಯ ಮಾತಾಯಿತು. ಕರೆಯುವವರ ಹೊಣೆಯನ್ನು 2021ರ ಡಿಸೆಂಬರ್ ತಿಂಗಳು ಇಡೀ ಲೋಕಕ್ಕೆ ಕಲಿಸಿತು.

ಜಾವಾ ಪ್ರೋಗ್ರಾಮುಗಳಲ್ಲಿ ದಿನಚರಿ ಬರೆಯಲು "ಲಾಗ್‌ಫೋರ್‌ಜೆ" ಎಂಬ ಸಾಧನವನ್ನು ಬಹಳ ಜನ ಬಳಸುತ್ತಾರೆ. ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಸ್ವಯಂಸೇವಕರು ನಡೆಸಿಕೊಂಡು ಬಂದ ಸಾಧನ ಅದು. ಯಾರು ಬಂದರು, ಏನು ಕೇಳಿದರು ಎಂದು ಗುಮಾಸ್ತನಂತೆ ಬರೆದಿಡುವುದಷ್ಟೇ ಅದರ ಕೆಲಸ. 2013ರಲ್ಲಿ ಅದಕ್ಕೆ ಒಂದು ಹೊಸ ಗುಣ ಸೇರಿತು. ಬರೆಯಬೇಕಾದ ಸಾಲ್ಲಿನಲ್ಲಿ ವಿಶೇಷ ಚಿಹ್ನೆಗಳ ನಡುವೆ ಒಂದು ಹೆಸರು ಕಂಡರೆ, ಗುಮಾಸ್ತ ಅದನ್ನು ಹಾಗೆಯೇ ಬರೆಯದೆ, ಆ ಹೆಸರಿನ ವಸ್ತುವನ್ನು ಹುಡುಕಿ ತರಲು ಹೋಗುತ್ತಿದ್ದ. ಬೇರೆ ಯಂತ್ರದ ವಿಳಾಸ ಕೊಟ್ಟಿದ್ದರೆ ಅಲ್ಲಿಗೂ ಹೋಗುತ್ತಿದ್ದ. ಅಲ್ಲಿಂದ ಇಂಥ ವರ್ಗವನ್ನು ತಂದುಕೋ ಎಂಬ ಉತ್ತರ ಬಂದರೆ ಆ ವರ್ಗವನ್ನು ತಂದು, ಮನೆಯೊಳಗೇ ಅದರ ವಸ್ತುವನ್ನು ಹುಟ್ಟಿಸುತ್ತಿದ್ದ.

ಎಂಟು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ. 2021ರ ನವೆಂಬರಿನಲ್ಲಿ ಚೀನದ ಅಲಿಬಾಬಾ ಸಂಸ್ಥೆಯ ಭದ್ರತಾ ತಂಡದ ಚೆನ್ ಝಾವೊಜುನ್ ಈ ದೋಷವನ್ನು ಅಪಾಚೆಯವರಿಗೆ ತಿಳಿಸಿದರು. ಡಿಸೆಂಬರ್ ಎರಡನೆಯ ವಾರದಲ್ಲಿ ಸುದ್ದಿ ಹೊರಬಿತ್ತು. "ಮೈನ್‌ಕ್ರಾಫ್ಟ್" ಎಂಬ ಮಕ್ಕಳ ಆಟದ ಹರಟೆಯ ಸಾಲಿನಲ್ಲಿ ಅಂಥ ಒಂದು ಹೆಸರನ್ನು ಬರೆದರೂ ಆಟ ನಡೆಸುವ ಯಂತ್ರ ಪರಾಧೀನವಾಗುತ್ತಿತ್ತು. ಗಿರಾಕಿಯ ಹೆಸರಿನ ಜಾಗದಲ್ಲಿಯೋ ಹುಡುಕುವ ಜಾಗದಲ್ಲಿಯೋ ಯಾರು ಬೇಕಾದರೂ ಈ ಮಂತ್ರವನ್ನು ಉಚ್ಚರಿಸಬಹುದಾಗಿತ್ತು. ತಜ್ಞರು ಇದಕ್ಕೆ ಹತ್ತಕ್ಕೆ ಹತ್ತು ಅಪಾಯದ ಅಂಕ ಕೊಟ್ಟರು. ಒಂದರ ಹಿಂದೊಂದು ತಿದ್ದುಪಡಿಗಳು ಬಂದವು. ಆ ದಿನಗಳಲ್ಲಿ ಲೋಕದಾದ್ಯಂತ ಗಣಕ ಕಚೇರಿಗಳವರು ಹಗಲಿರುಳೆನ್ನದೆ, ತಮ್ಮ ಯಾವ ಪ್ರೋಗ್ರಾಮಿನ ಯಾವ ಮೂಲೆಯಲ್ಲಿ ಈ ಗುಮಾಸ್ತ ಕುಳಿತಿದ್ದಾನೆಂದು ಹುಡುಕಿ ತೆಗೆದರು.

ದೋಷ ಮಂತ್ರದ್ದಲ್ಲ. ಬೀದಿಯಲ್ಲಿ ಹೋಗುವವನ ಬಾಯಿಂದ ಬಂದ ಹೆಸರಿಗೂ ಮಂತ್ರಶಕ್ತಿ ಕೊಟ್ಟದ್ದು ದೋಷ. ಹೋಟೆಲಿನ ಮಾಣಿ ಹೆಸರನ್ನು ಒಳಗೆ ಮುಟ್ಟಿಸುತ್ತಾನೆ, ನಿಜ. ಆದರೆ ಗಿರಾಕಿ ಏನು ಹೇಳಿದರೂ ಭಟ್ಟರು ಮಾಡುವುದಿಲ್ಲ. ಹಲಗೆಯ ಮೇಲೆ ಬರೆದ ಹೆಸರಾದರೆ ಮಾತ್ರ ಬಾಣಲೆ ಒಲೆಗೇರುತ್ತದೆ. ಹಿಂದೆ ಫ್ಯಾಕ್ಟರಿಯ ಪಟ್ಟಿಗೆ ಒಂದು ಗುಣವುಂಟೆಂದು ಹೇಳಿದ್ದು ಇದನ್ನೇ. ಹೊರಗಿನಿಂದ ಬಂದ ಹೆಸರನ್ನು ಮೊದಲು ಪಟ್ಟಿಗೆ ತಾಳೆಹಾಕು, ಪಟ್ಟಿಯಲ್ಲಿದ್ದರೆ ಮಾತ್ರ ಕರೆ ಎಂಬುದೇ ಈ ವಿದ್ಯೆಯಲ್ಲಿ ಪಳಗಿದವರು ಹೇಳಿಕೊಡುವ ನಿಯಮ. ಸಂಖ್ಯೆಯಿಂದ ಹೆಸರಿಗೆ, ಹೆಸರಿನಿಂದ ಸ್ವಾತಂತ್ರ್ಯಕ್ಕೆ ನಡೆದು ಬಂದ ಇತಿಹಾಸ, ಹೋಟೆಲಿನ ಹಲಗೆಯ ವಿವೇಕಕ್ಕೆ ಬಂದು ನಿಂತಿದೆ.

ಸಂಜೆಯ ಹೊತ್ತು ಐರೋಲಿಯಿಂದ ದಣಿದು ಬಂದ ಮಗನೋ ಮಗಳೋ ಚಹಾ ಕುಡಿಯುತ್ತ, ಯಾವುದೋ ಹೆಸರು ಸಿಗದೆ ಇಡೀ ದಿನ ಹಾಳಾಯಿತು ಎಂದರೆ, ಹಿರಿಯರಾದ ನಾವು ಅರ್ಥವಾಗದೆಂದು ಸುಮ್ಮನಿರಬೇಕಾಗಿಲ್ಲ. ಕರೆದವರು ಯಾರು, ಹೆಸರಿಟ್ಟವರು ಯಾರು ಎಂದು ಕೇಳಬಹುದು. ಸಾಧ್ಯವಾದರೆ ೞಕಾರದ ಕಥೆಯನ್ನೂ ಹೇಳಬಹುದು. ಲೋಕದ ಪಟ್ಟಿಗಳು ಇನ್ನೂ ಬೆಳೆಯುತ್ತಿವೆ. ಕನ್ನಡಕ್ಕೆ ಸಂಬಂಧಪಟ್ಟ ಹೆಸರುಗಳು ಮುಂದೆಯೂ ಅವುಗಳಲ್ಲಿ ಸೇರಲಿವೆ. ಆಗ ಬರೆಯುವ ಕೈಯ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಇರಲಿ. ಒಮ್ಮೆ ಇಟ್ಟ ಹೆಸರನ್ನು ಅಳಿಸಲಾಗದು. ಒಮ್ಮೆ ಕರೆದ ಸೂರ್ಯನನ್ನು ಹಿಂದಕ್ಕೆ ಕಳಿಸಲಾಗದು.